ಶಾಂತಾಬಾಯಿಗೆ ಇಲ್ಲದ ಜಡ್ಡು

ಮೊಮ್ಮಕ್ಕಳೇ, ಭೂಮಿಕಾ, ಸಮರ್ಥ, ನಿಮ್ಮ ಆಯಿ ಮೈಯಲ್ಲಿನ ಸಕ್ಕರೆ ಇಳಿಸಿಕೊಳ್ಳಲು ಹೋಗಿ ಏನು ಮಾಡಿಕೊಂಡಳು ಎಂಬುದನ್ನು ನಿಮ್ಮವ್ವ ಅರ್ಧ ಹೇಳಿ ನಗುತ್ತಾಳಂತೆ. ಪೂರ್ತಿ ಸಂಗತಿ ನಾನೇ ಬರೆಯುತ್ತೇನೆ. ಎದುರಿಗೆ ಕೂತು ಹೇಳಲಿಕ್ಕೆ ನಾಚಿಕೆ.

ನಮ್ಮ ಶಹಾಬಾದಿನ ಡಾಕ್ಟರಮ್ಮ ನನ್ನ ರಕ್ತದ ಚೀಟಿ ನೋಡಿ ಸಕ್ಕರೆ ಭಾಳ ಏರಿದೆ ಎಂದರು. ದಿನಾ ಅರ್ಧ ತಾಸು ನಡೆಯಬೇಕು, ಸಿಹಿ ಬಿಡಬೇಕು, ಊಟಕ್ಕೆ ಎರಡೇ ರೊಟ್ಟಿ. ತಿಂಗಳಲ್ಲಿ ಇಳಿಯದಿದ್ದರೆ ದಿನಾ ಹೊಟ್ಟೆಗೆ ಸೂಜಿ. ಹೆರಿಗೆಯಲ್ಲಿ ಕೂಗದ ನಾನು ಸೂಜಿಗೆ ಓಣಿ ಕೇಳುವಂತೆ ಕೂಗಿದವಳು. ಆದರೂ ಅವತ್ತು ಧೈರ್ಯವಿತ್ತು. ನಡೆಯುವುದೇನು ದೊಡ್ಡ ವಿದ್ಯೆಯೇ? ಒಂದು ವರ್ಷದವಳಿದ್ದಾಗಿಂದ ನಡೆಯುತ್ತಿದ್ದೇನೆ!

ಮನೆಯಲ್ಲಿ ಪಥ್ಯ ಕಟ್ಟುನಿಟ್ಟಾಗಿ ಜಾರಿಗೆ ಬಂತು. ನನ್ನ ಸೊಸೆ, ನಿಮ್ಮ ಮಾಮನ ಹೆಂಡತಿ ಸುವರ್ಣಾ, ಸಕ್ಕರೆ ಡಬ್ಬಿಯನ್ನು ನನಗೆ ಎಟುಕದ ಹಲಗೆಗೆ ಏರಿಸಿದಳು. ಮರುದಿನ ಮುಂಜಾನೆ ಹೊರಬಿದ್ದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಬಾಗಿಲಿಗೆ ನೀರು ಹೊಡೆಯುತ್ತಿದ್ದ ನೆರೆಮನೆಯ ರಜಿಯಾ ಕೇಳಿದಳು, "ಅಕ್ಕಾ, ಇಷ್ಟ ಲಗೂ ಎಲ್ಲಿಗಿ ಹೊಂಟ್ರಿ?"

ಮಕ್ಕಳೇ, ನಾನು ಹೊಲಕ್ಕೆ ನಡೆದಿದ್ದೇನೆ, ಬಾವಿಗೆ ನಡೆದಿದ್ದೇನೆ, ಗಿರಣಿಗೆ ನಡೆದಿದ್ದೇನೆ. ಬರಿಗೈಯಲ್ಲಿ, ಎಲ್ಲಿಗೂ ಅಲ್ಲದೆ ನಡೆದವಳಲ್ಲ. ವಾಕಿಂಗ್ ಎನ್ನುವ ಮಾತು ಬಿಳಿ ಬೂಟು ಹಾಕಿದವರ ಬಾಯಲ್ಲಿ ಚೆಂದ. ನನ್ನ ಬಾಯಿಗೆ ಬಂದದ್ದು ಬೇರೆ.

"ನಾದನಿ ಶಾಂತಾಗ ಜಡ್ಡಾಗ್ಯಾದವ್ವಾ. ನೋಡ್ಲಾಕ ಹೊಂಟೀನಿ."

ನಮ್ಮ ಮನೆಯವರ, ಅಂದರೆ ನಿಮ್ಮ ಮುತ್ಯಾನ, ತಂಗಿ ಶಾಂತಾಬಾಯಿ ಊರಿನ ಆ ತುದಿಗೆ, ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಡೆ ಇದ್ದಾಳೆ. ಅವಳಿಗೆ ನೆಗಡಿ ಕೂಡ ಇರಲಿಲ್ಲ.

ರಜಿಯಾ ಕರಗಿಹೋದಳು. ಅವಳ ತಮ್ಮ ಮೆಹಬೂಬ ಆಟೊ ಹೊರಗೆ ತೆಗೆಯುತ್ತಿದ್ದ. ಜಡ್ಡಿನವರನ್ನು ನೋಡಲು ಹೊರಟ ಹಿರಿಯರು ನಡೆದು ಹೋಗುವುದುಂಟೇ ಎಂದು ನನ್ನನ್ನು ಒಳಗೆ ಕೂಡಿಸಿ ಶಾಂತಾಳ ಬಾಗಿಲಿಗೇ ಇಳಿಸಿದ. ವಾಪಸು ಕರೆದೊಯ್ಯಲು ಅಲ್ಲೇ ಕಾದ! ಆ ದಿನದ ನನ್ನ ನಡಿಗೆ ಒಟ್ಟು ಹತ್ತು ಹೆಜ್ಜೆ.

ಬಾಗಿಲು ತೆರೆದ ಶಾಂತಾ ಗಾಬರಿಯಾದಳು. ನಿಮ್ಮ ಮುತ್ಯಾ ಹೋದ ಮೇಲೆ ನಾನು ಅವಳ ಮನೆಗೆ ಹೋದದ್ದೇ ಕಡಿಮೆ. ಯಾಕೆ ಬಂದೆ ಎಂದು ಹೇಳಲಿ? ನಿನ್ನ ನೋಡಬೇಕು ಅನ್ನಿಸಿತು ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ರವೆ-ಬೆಲ್ಲದ ಸಜ್ಜಕ ಮಾಡಿದಳು. ಅತ್ತು ಮಾಡಿದ ಸಜ್ಜಕಕ್ಕೆ ಒಲ್ಲೆ ಅನ್ನುವ ಧೈರ್ಯ ನನಗಿಲ್ಲ.

ಮರುದಿನ ಆರಕ್ಕೆ ಮೆಹಬೂಬ ಓಣಿಯ ತಿರುವಿನಲ್ಲಿ ಕಾಯುತ್ತಿದ್ದ. ಅದರ ಮರುದಿನವೂ. ಶಾಂತಾಳ ಮನೆಯಲ್ಲಿ ಒಂದು ದಿನ ಗೋಧಿ ಹುಗ್ಗಿ, ಒಂದು ದಿನ ಬೆಲ್ಲ ಬೆರೆಸಿದ ಮಾದಲಿ, ಸಕ್ಕರೆ ಮುಂದಾದ ಚಹಾ ಮಾತ್ರ ದಿನಾ. ಹೊಟ್ಟೆ ತುಂಬಿಸಿಕೊಂಡು ಬಂದವಳು ಮನೆಯಲ್ಲಿ ಒಂದೇ ರೊಟ್ಟಿಗೆ ಏಳುತ್ತಿದ್ದೆ. ಅತ್ತಿಯ ಪಥ್ಯ ನೋಡಿ ಕಲಿಯಿರಿ ಎಂದು ಸುವರ್ಣಾ ನಿಮ್ಮ ಮಾಮನಿಗೆ ಬೈದಳು. ನಾನು ತಲೆ ತಗ್ಗಿಸಿ ಹೊಗಳಿಕೆ ಸ್ವೀಕರಿಸಿದೆ.

ನಾಲ್ಕನೇ ವಾರ ರಜಿಯಾ ಓಣಿಯ ಮೂವರು ಹೆಂಗಸರನ್ನು ಕರೆದುಕೊಂಡು, ಗಂಜಿ, ಮೋಸಂಬಿ ಹಿಡಿದು ಜಡ್ಡಿನವಳನ್ನು ನೋಡಲು ಬಂದೇಬಿಟ್ಟಳು. ಜಡ್ಡಿನವಳು ಜೋಳದ ಚೀಲ ಎತ್ತಿ ಒಳಗಿಡುತ್ತಿದ್ದಳು. ನಾನು ಮಾದಲಿ ತಿನ್ನುತ್ತಿದ್ದೆ.

"ಯಾರಿಗಿ ಜಡ್ಡು?" ಎಂದಳು ಶಾಂತಾ.

"ನಿಮಗೇ ಅಲ್ರಿ," ಎಂದಳು ರಜಿಯಾ. "ಅಕ್ಕಾ ದಿನಾ ನೋಡ್ಲಾಕ ಬರ್ತಾರಲ್ಲ."

ಶಾಂತಾ ಚೀಲ ಕೆಳಗೆ ಬಿಟ್ಟಳು. ಎಂದೂ ಬಾರದ ವೈನಿ, ಅಣ್ಣನ ಹೆಂಡತಿ, ದಿನಾ ಬರುತ್ತಾಳೆ, ಈಗ ಓಣಿಯೇ ಗಂಜಿ ತಂದಿದೆ. ಅವಳ ಮುಖ ಬಿಳಚಿಕೊಂಡಿತು. "ವೈನಿ, ಡಾಕ್ಟರ್ ನನ್ನ ಬಗ್ಗೆ ಏನರ ಹೇಳ್ಯಾರೇನು? ಮುಚ್ಚಿಡಬ್ಯಾಡ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ. ಮಾದಲಿಯ ಪುಡಿ ಗಂಟಲಿಗೆ ಹೋಗಿ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು ಬಂತು. ಹೇಳಲಾರದೆ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು!

ಮೆಹಬೂಬನ ಆಟೊದಲ್ಲೇ ಎಲ್ಲರೂ ದವಾಖಾನೆಗೆ. ಡಾಕ್ಟರಮ್ಮ ಶಾಂತಾಳನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, ವಯಸ್ಸಿನ ಮೊಣಕಾಲು ನೋವು ಬಿಟ್ಟರೆ ಏನೂ ಆಗಿಲ್ಲ ಎಂದರು. ಆಮೇಲೆ ಮೂಲೆಯಲ್ಲಿ ಅಡಗಿದ್ದ ನನ್ನನ್ನು ನೋಡಿದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೊದಲಿಗಿಂತ ಮೇಲಿತ್ತು. ದಿನಾ ನಡೆದಿರೋ ಇಲ್ಲವೋ ಎಂದು ಕೇಳಿದರು.

ಬಾಗಿಲಲ್ಲಿ ನಿಂತ ಮೆಹಬೂಬ ಹೆಮ್ಮೆಯಿಂದ ಹೇಳಿದ, "ಒಂದ ದಿನಾನೂ ಅಮ್ಮಾಗ ನಡೀಲಾಕ ಬಿಟ್ಟಿಲ್ರಿ, ಮೇಡಂ."

ಅಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಹೊರಗೆ ಬಂದ ಮೇಲೆ ಶಾಂತಾ ನನ್ನ ಕೈ ಹಿಡಿದು ನಿಲ್ಲಿಸಿದಳು. ಮೆಲ್ಲಗೆ ಕೇಳಿದಳು, "ನೋಡಬೇಕು ಅನಿಸ್ತು ಅಂದಿದ್ದೂ ಸುಳ್ಳೇನು, ವೈನಿ?"

"ಮೊದಲ್ನೇ ದಿನ ಸುಳ್ಳು. ಆಮ್ಯಾಲ ಖರೆ."

"ನನ್ನ ಸಲುವಾಗೋ, ಸಜ್ಜಕದ ಸಲುವಾಗೋ?"

ನಾನು ಸೆರಗಿಗೆ ಹತ್ತಿದ ಮಾದಲಿಯ ಪುಡಿ ಕೊಡವತೊಡಗಿದೆ. ಅವಳು ನಕ್ಕುಬಿಟ್ಟಳು.

ಸೂಜಿ ಶುರುವಾಯಿತು. ಹಾಕುವುದನ್ನು ಶಾಂತಾ ನರ್ಸಮ್ಮನಿಂದ ಕಲಿತಿದ್ದಾಳೆ. ದಿನಾ ಮುಂಜಾನೆ ಆ ತುದಿಯಿಂದ ನಮ್ಮ ಮನೆಗೆ ನಡೆದೇ ಬರುತ್ತಾಳೆ, ಚುಚ್ಚುತ್ತಾಳೆ, ನಡೆದೇ ಹೋಗುತ್ತಾಳೆ. ಅವಳ ಮೊಣಕಾಲು ನೋವು ಹೋಗಿದೆ, ಮೈ ಹಗುರಾಗಿದೆ. ನಡಿಗೆಯಿಂದ ಆರೋಗ್ಯ ಸುಧಾರಿಸುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದು ಖರೆ. ಯಾರದು ಎಂದು ಮಾತ್ರ ಹೇಳಿರಲಿಲ್ಲ.

ಈ ಹಾಳೆಗಳನ್ನು ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿ ಇಡಿರಿ. ಸುವರ್ಣಾಳ ಕೈಗೆ ಸಿಗಬಾರದು. ಆಟೊದ ಸುದ್ದಿ ಅವಳಿಗೆ ಗೊತ್ತಾಗಿದೆ, ಸಜ್ಜಕದ್ದು ಗೊತ್ತಿಲ್ಲ. ಅಷ್ಟು ಪಥ್ಯ ಮಾಡಿದರೂ ಅತ್ತಿಯ ಸಕ್ಕರೆ ಏರಿತಲ್ಲ ಎಂದು ಪಾಪ, ಇವತ್ತಿಗೂ ಡಾಕ್ಟರಮ್ಮನ ಮಷಿನಿಗೆ ಬೈಯುತ್ತಿದ್ದಾಳೆ.