ಮೂಲ ಹೇಳದೆ ಸೀನದ ಮಾವ

ನಮ್ಮ ಸೋದರಮಾವ ಸೀನಿದರೂ ಆ ನೆಗಡಿ ಯಾರಿಂದ ಬಂತೆಂದು ಹೇಳಿಯೇ ಮೂಗು ಒರೆಸಿಕೊಳ್ಳುತ್ತಾರೆ! ಪತ್ರಿಕೆಯಲ್ಲಿ ದುಡಿಯುವ ನನಗೂ ಸುದ್ದಿಮೂಲದ ಚಟವಿದೆ. ಆದರೆ ನೆಗಡಿಯವರೆಗೆ ಹೋಗಿಲ್ಲ.

ಮಾವ ರಾಮದುರ್ಗದ ಕಾಲೇಜೊಂದರಲ್ಲಿ ಕನ್ನಡ ಪ್ರಾಧ್ಯಾಪಕರು, ವಿದ್ಯಾರ್ಥಿಗಳ ಕೃತಿಚೌರ್ಯ ತಡೆಯುವ ಸಮಿತಿಗೆ ಅಧ್ಯಕ್ಷರು. ಮನೆಗೂ ತಾವೇ ಅಧ್ಯಕ್ಷರು ಎಂದುಕೊಂಡಿದ್ದಾರೆ. ಒಮ್ಮೆ ಅತಿಥಿಯೊಬ್ಬರು ಅತ್ತೆಯ ಶೇಂಗಾ ಹೋಳಿಗೆಯನ್ನು ಹೊಗಳಿದರು. ಮಾವ ತಡೆದರು:

"ಹಂಗನಬ್ಯಾಡ್ರಿ. ಇದು ಸುರೇಬಾನದಾಗಿರೋ ಆಕಿ ಅಕ್ಕನ ಹೋಳಿಗಿ. ಏಲಕ್ಕಿ ಅಷ್ಟ ಈಕಿದು."

"ತಿನ್ನೂದರ ಸ್ವಂತ ತಿನ್ರಿ," ಎಂದರು ಅತ್ತೆ.

ಹೋದ ವರ್ಷ ಮುನವಳ್ಳಿಯ ಹುಡುಗನೊಬ್ಬ ಪ್ರಾಜೆಕ್ಟ್ ವರದಿ ಒಪ್ಪಿಸಿದ. ಮೊದಲ ಪುಟದಲ್ಲೇ, 'ಸದಾ ಬೆನ್ನಿಗಿದ್ದ ನನ್ನ ಪತಿಗೆ ಕೃತಜ್ಞತೆಗಳು' ಎಂದಿತ್ತು. ಮಾವ ಅವನನ್ನು ಕರೆಸಿದರು.

"ತಮ್ಮಾ, ಲಗ್ನ ಯಾವಾಗ ಆತೋ? ನಮಗ ಒಂದ ಮಾತು ಹೇಳಲಿಲ್ಲಲಾ."

"ಇಲ್ರೀ ಸರ್. ದೋಸ್ತ ಕಳಿಸಿದ್ದ, ಹಂಗ ಇಳಿಸಿಬಿಟ್ಟೆ."

"ಅಂವಗರ ಗಂಡ ಅದಾನೇನು?"

ಹುಡುಗ ವರದಿಯನ್ನು ಮೂರು ಸಲ ಬರೆದ. ಮೂರನೆಯದರಲ್ಲಿ ಪೆನ್ನು ಕೊಟ್ಟವನ ಹೆಸರೂ ಇತ್ತು. ಮಾವನಿಗೆ ಹಬ್ಬ.

ಇಂಥವರು ಈ ದೀಪಾವಳಿಗೆ ಫೋನ್ ಮಾಡಿ, "ಲಗೂ ಬಾ, ಕಳ್ಳ ಸಿಕ್ಕಾನ," ಎಂದರು. ಹೋದೆ. ಕಳ್ಳ ಸ್ವತಃ ಮಾವ.

ಮನೆಗೆ ಸುಣ್ಣ ಬಳಿಯುವಾಗ ಅಟ್ಟದ ಟ್ರಂಕಿನಲ್ಲಿ ಅವರ ಪಿಎಚ್.ಡಿ. ಪ್ರಬಂಧದ ಕರಡು, ಶುದ್ಧಪ್ರತಿ ಎರಡೂ ಸಿಕ್ಕಿದ್ದವು. ವಿಷಯ, ಬೀಸುಕಲ್ಲಿನ ಹಾಡುಗಳು. ಒಪ್ಪಿಸುವ ವಾರ ಅವರಿಗೆ ಟೈಫಾಯ್ಡ್ ಬಂದು, ಕೊನೆಯ ಅಧ್ಯಾಯದ ಶುದ್ಧಪ್ರತಿಯನ್ನು ಅತ್ತೆ ಬರೆದುಕೊಟ್ಟಿದ್ದರು. ಅದರಲ್ಲಿದ್ದ ಒಂದು ಪುಟ ಮಾವನ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಕಲ್ಲಿನ ಗೂಟ ಎದೆಯ ಹತ್ತಿರ ಬಂದಾಗ ಉಸಿರು ಕಟ್ಟುತ್ತದೆ, ಅದಕ್ಕೇ ಹಾಡಿನ ಸಾಲು ಅಲ್ಲಿ ನಿಲ್ಲುತ್ತದೆ ಎಂದು ವಿವರಿಸುವ ಪುಟ. ಪರೀಕ್ಷಕರು ಬಾಯ್ತುಂಬ ಹೊಗಳಿದ್ದೂ ಅದನ್ನೇ. ಜ್ವರಕ್ಕೆ ಮುಂಚೆ ತಾವೇ ಬರೆದದ್ದೆಂದು ಮಾವ ಇಷ್ಟು ವರ್ಷ ನಂಬಿದ್ದರು.

ಮಾವ ಸಮಿತಿಗೆ ರಾಜೀನಾಮೆ ಬರೆದಾಗಿತ್ತು. ಪದವಿ ವಾಪಸ್ ಪಡೆಯಿರಿ ಎಂದು ವಿಶ್ವವಿದ್ಯಾಲಯಕ್ಕೂ ಪತ್ರ ಸಿದ್ಧವಾಗಿತ್ತು. ಗೋಡೆಗೆ ಬಳಿದು ಉಳಿದ ಸುಣ್ಣವನ್ನು ಬಾಗಿಲ ಫಲಕದ 'ಡಾ.' ಮೇಲೆ ಬಳಿದಿದ್ದರು.

"ಮಾವ, ರಿಟೈರಾಗಾಕ ಆರ ತಿಂಗಳೈತಿ. ಈಗ ಯಾರ ಕೇಳ್ತಾರ?" ಎಂದೆ.

"ಪೇಪರಿನಾಂವ ನೀ. ನೀನ ಕೇಳಬೇಕಿತ್ತು."

ಅತ್ತೆ ಒಳಗಿಂದ ಬಂದರು. "ಅದು ನಿಮ್ಮದ ಐತ್ರಿ. ಜ್ವರದಾಗ ಬಡಬಡಿಸಾಕ ಹತ್ತಿದ್ರಿ, ನಾ ಬರಕೊಂಡೆ."

ಮಾವ ಪುಟವನ್ನು ಬೆಳಕಿಗೆ ಹಿಡಿದರು. "ಮೂರ ಕಡೆ ಹೊಡದು ತಿದ್ದೀದಿ. ಕೇಳಿ ಬರಿಯೋರು ಹಿಂಗ ತಿದ್ದೂದಿಲ್ಲ."

"ಜ್ವರದಾಗೂ ನೀವು ಮೂರ ಸಲ ಮಾತು ಬದಲ ಮಾಡಿದ್ರಿ."

"ನಾ ಎಂದರ ಬೀಸುಕಲ್ಲು ಮುಟ್ಟೇನೇನು?"

ಅತ್ತೆ ಚಹಾ ಉಕ್ಕುತ್ತಿದೆ ಎಂದು ಒಳಗೆ ಹೋದರು. ಒಲೆ ಇನ್ನೂ ಹಚ್ಚಿರಲಿಲ್ಲ.

ಮಾವ ವಿಶ್ವವಿದ್ಯಾಲಯದ ಪತ್ರಕ್ಕೆ ಏನೋ ಸೇರಿಸಿ, ಅಂಚೆಗೆ ಹಾಕಲು ನನಗೆ ಕೊಟ್ಟರು. ಪದವಿ ಉಳಿಯುತ್ತದೆಯೋ ಇಲ್ಲವೋ, ಇನ್ನೂ ತಿಳಿದಿಲ್ಲ. ಸಹಿಯ ಕೆಳಗೆ ಒಂದು ಅಡಿಟಿಪ್ಪಣಿ ಇತ್ತು:

'ಆ ಪುಟದ ಮೂಲ: ನನ್ನ ಹೆಂಡತಿ. ಆಕೆ ಒಪ್ಪುವುದಿಲ್ಲ. ದಯವಿಟ್ಟು ಆಕೆಯನ್ನು ನಂಬಬೇಡಿ.'