ನಡುಗಡ್ಡೆಯ ಆ ಕಡೆ

ಬಾಲಾನಗರದ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಇನ್ನೊಬ್ಬರು ಜೋಡಿಸಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಇಂಥವನು ಮನೆಯಲ್ಲಿ ಸುಮ್ಮನೆ ಕೂತರೂ ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಇನ್ನು ಊರ ಹೊರಗೆ ಹೊರಟರೆ ಕೇಳಬೇಡಿ.

ಈ ಸಲ ಹೊರಡಲೇಬೇಕಿತ್ತು. ಜೋಡಣೆ ವಿಭಾಗದ ನನ್ನ ಗೆಳೆಯನಿಗೆ ಒಡಿಶಾಕ್ಕೆ ವರ್ಗವಾಗಿತ್ತು. "ಒಮ್ಮೆರ ಇಬ್ಬರೂ ಕೂಡಿ ಎಲ್ಲ್ಯರ ಹೋಗೂಣು" ಎಂದು ವರ್ಷಗಟ್ಟಲೆ ಹೇಳಿಕೊಂಡರೂ ಕ್ಯಾಂಟೀನು ದಾಟಿದವರಲ್ಲ ನಾವು. ಅವನು ಹೋದರೆ ನಾನು ಯಾರ ಜೊತೆ ಜಗಳಾಡಲಿ? ಅದೇ ಸಂಕಟ ನನಗೆ.

ವಾರಂಗಲ್ಲಿನಾಚೆ ಒಂದು ದೊಡ್ಡ ಕೆರೆ, ಮಧ್ಯದಲ್ಲಿ ನಡುಗಡ್ಡೆ. ಮೋಟಾರು ಬೋಟಿನಲ್ಲಿ ನಡುಗಡ್ಡೆಗೆ ಹೋಗಿ, ಅಲ್ಲಿ ಕನೂ ಎನ್ನುವ ಹುಟ್ಟು ಹಾಕುವ ಸಣ್ಣ ದೋಣಿ ಬಾಡಿಗೆಗೆ ಹಿಡಿದು, ನಡುಗಡ್ಡೆಯ ಮಂದಿ ಇಲ್ಲದ ಆ ಕಡೆಯ ದಂಡೆಯಲ್ಲಿ ಒಂದು ರಾತ್ರಿ ಡೇರೆ ಹಾಕುವುದು ನಮ್ಮ ಪ್ಲಾನು.

ಬುತ್ತಿ

ಗೆಳೆಯನ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮಾದಲಿ ಎಲ್ಲ ಕಟ್ಟತೊಡಗಿದರು.

"ಒಂದ ರಾತ್ರಿಗೆ ಇಷ್ಟ್ಯಾಕ್ರಿ ವೈನಿ?"

"ಅಲ್ಲೆ ಯಾರರ ನಮ್ಮವರು ಸಿಕ್ಕರ?"

"ಮಂದಿ ಇಲ್ಲದ ಜಾಗಾಕ್ಕ ಹೊಂಟೇವ್ರಿ."

"ಹಂಗಂತ ಅವರೂ ಬಂದಿರ್ತಾರಲ್ರಿ" ಎಂದು ಇನ್ನೊಂದು ಗಂಟು ಕಟ್ಟಿದರು.

ದೋಣಿ ತಾಳೀತೋ ಇಲ್ಲವೋ ಎಂದು ಕನೂದವನಿಗೆ ಫೋನ್ ಮಾಡಿ ಗಂಟುಗಳ ತೂಕ ಹೇಳಿದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿ ತೆಲುಗಿನಲ್ಲಿ ಅಂದ: "ಸಾಮಾನು ಕಳಿಸಿ ಸಾರ್, ಪರವಾಗಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಮನೆಯಲ್ಲೇ ಇರಿ."

ಮಾಳಿಗೆಯ ಮೇಲೆ ಟ್ರಯಲ್

ಟ್ರಯಲ್ ಇಲ್ಲದೆ ನಮ್ಮಲ್ಲಿ ಒಂದು ಸ್ಕ್ರೂ ಕೂಡ ಗೇಟು ದಾಟುವುದಿಲ್ಲ. ಕ್ವಾರ್ಟರ್ಸಿನ ಮಾಳಿಗೆಯ ಮೇಲೆ ಗೆಳೆಯ ಡೇರೆ ಹಾಕಿದ. ಜೋಡಿಸಿದವನೇ ಪಾಸ್ ಮಾಡುವಂತಿಲ್ಲ, ಅದು ಕಾರ್ಖಾನೆಯ ನಿಯಮ. ನಾನು ನೋಡಿದೆ. ಕೋಲು ಸೊಟ್ಟ, ರಿಜೆಕ್ಟ್. ಬಿಚ್ಚಿ ಹಾಕಿದ. ಬಟ್ಟೆ ಸಡಿಲ, ರಿಜೆಕ್ಟ್.

"ಇದು ವಿಮಾನ ಅಲ್ಲೋ, ಮಲಗೂ ಡೇರೆ" ಎಂದು ಅವನು, "ಮಲಗಿದಾಗ ಬಿದ್ದರ?" ಎಂದು ನಾನು. ಸಂಜೆಯವರೆಗೂ ಇದೇ ನಡೆಯಿತು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ರೇಷ್ಮೆ ಸೀರೆ ಉಟ್ಟು ಮೆಟ್ಟಿಲು ಹತ್ತಿ ಬಂದರು. ನಮ್ಮ ಕಾಲೊನಿಯಲ್ಲಿ ಮಾಳಿಗೆ ಮೇಲೆ ಬಟ್ಟೆ ಕಟ್ಟಿದರೆ ಏನೋ ಕಾರ್ಯಕ್ರಮ ಇದೆ ಅಂತಲೇ ಅರ್ಥ. ನಾವು ಕೆರೆ, ದೋಣಿ, ವರ್ಗ ಎಲ್ಲ ಬಿಡಿಸಿ ಹೇಳಿದೆವು. ಶಾಂತವಾಗಿ ಕೇಳಿಸಿಕೊಂಡರು.

"ಅದೆಲ್ಲಾ ಇರಲಿ ತಮ್ಮಾ, ಊಟ ಎಷ್ಟ ಗಂಟೆಕ್ಕ?"

ಆ ಕೆರೆಯ ಬುತ್ತಿಯಲ್ಲಿ ಒಂದು ಗಂಟು ಅಂದೇ ಬಿಚ್ಚಿತು. ದೋಣಿಯಲ್ಲಿ ಇಬ್ಬರಿಗೂ ಜಾಗವಾಗಿದ್ದು ಅಜ್ಜಿಯ ಕೃಪೆಯಿಂದ.

ಆ ಕಡೆ

ಕೊನೆಗೂ ನಡುಗಡ್ಡೆ ಮುಟ್ಟಿ, ಅಲ್ಲಿಂದ ಕನೂ ಹತ್ತಿ ನೀರಿಗಿಳಿದೆವು. ಭಾನುವಾರ ಬೇರೆ. ಮೊದಲ ದಂಡೆಯಲ್ಲಿ ಯಾರದೋ ಹುಟ್ಟುಹಬ್ಬ. "ಇಲ್ಲೆ ಬ್ಯಾಡ, ಮುಂದ ಹೋಗೂಣು" ಅಂದ ಗೆಳೆಯ. ಮುಂದೆ ಮಾದಾಪುರದ ಯಾವುದೋ ಆಫೀಸಿನವರ ಅಂತ್ಯಾಕ್ಷರಿ. ಇನ್ನೂ ಮುಂದೆ ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳುವ ಜೋಡಿ. ಹುಟ್ಟು ಹಾಕಿ ಹಾಕಿ ರಟ್ಟೆ ಬಿದ್ದುಹೋದವು. ಮಬ್ಬುಗತ್ತಲಾಗುವ ಹೊತ್ತಿಗೆ ಒಂದು ದಂಡೆ ಸಿಕ್ಕಿತು. ಒಂದು ನರಪಿಳ್ಳೆ ಇಲ್ಲ. ನೋಡಿದ ಕೂಡಲೇ ಪಾಸ್ ಮಾಡಿಬಿಟ್ಟೆ. ರೊಟ್ಟಿ ತಿಂದು ಖುಷಿಯಿಂದ ಮಲಗಿದೆವು.

ಬೆಳಿಗ್ಗೆ ಡೇರೆಯ ಹೊರಗಿನಿಂದ ದನಿ ಬಂತು: "ಸಾರ್, ಛಾಯ್ ಕಾವಾಲಾ?"

ನೋಡಿದರೆ ಕೆಟಲ್ ಹಿಡಿದ ಹೆಂಗಸು, ಚಹಾ ಬೇಕಾ ಎಂದು ಕೇಳುತ್ತಿದ್ದಳು. "ಇಷ್ಟು ದೂರ ಹೇಗಮ್ಮಾ ಬಂದೆ?" ಎಂದೆ. ಆಕೆ ನಕ್ಕಳು. "ನಿನ್ನೆ ನನ್ನ ಅಂಗಡಿ ಮುಂದೇನೇ ದೋಣಿ ಹತ್ತಿದ್ರಲ್ಲ ಸಾರ್. ಇದು ಅಂಗಡಿಯ ಹಿತ್ತಲು. ಕೊನೇ ಬೋಟು ಹೋದಮೇಲೆ ಇಲ್ಲಿ ಯಾರೂ ಇರಲ್ಲ."

ನಡುಗಡ್ಡೆ ಸುತ್ತಿ, ಹೊರಟ ಜಾಗಕ್ಕೇ ಬಂದು ಮಲಗಿದ್ದೆವು.

ಗೆಳೆಯನ ಮುಖ ಸಣ್ಣದಾಯಿತು. "ಮುಂದಿನ ತಿಂಗಳ ಹೋಗಾಂವ ನಾ. ಆ ಕಡೆ ಮಲಗೂದು ಆಗಲೇ ಇಲ್ಲ ನೋಡು."

ನಾನು ಡ್ಯೂಟಿಯ ದನಿಯಲ್ಲಿ ಹೇಳಿದೆ: "ಈ ಟ್ರಿಪ್ ರಿಜೆಕ್ಟ್. ಒಡಿಶಾದಿಂದ ಬಂದು ಮತ್ತ ಮೊದಲಿಂದ ಮಾಡಿಕೊಡಬೇಕು ನೀ."

ನಾನು ವಾಪಸು ಕಳಿಸಿದ ಒಂದೊಂದು ಪೀಸಿಗೂ ಮ್ಯಾನೇಜರ ಬಾಗಿಲವರೆಗೆ ಜಗಳ ಒಯ್ದವನು ಅವನು. ಈಗ ಛಾಯ್ ಊದಿ ಊದಿ ಕುಡಿದ.

"ಖರೇ ಐತಿ, ತಪ್ಪು ನಂದ. ಬರ್ತೀನಿ" ಅಂದ. "ಆದ್ರ ಆವಾಗೂ ಪಾಸ್ ಮಾಡಬ್ಯಾಡ ಮತ್ತ."