ಪೋರ್ಟ್ ಪೀಪಾಯಿಯ ಎನ್‌ಒಸಿ

ನೆರೂಳದ ನಮ್ಮ ಸಾಗರಛಾಯಾ ಸೊಸೈಟಿಯಲ್ಲಿ ಹಿಂದಿನ ಮನೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಇಲ್ಲದೆ ಯಾರೂ ವಾಸಿಸುವಂತಿಲ್ಲ. ಎರಡನೇ ಮಹಡಿಯ ಅಕ್ವೇರಿಯಂ ಮೀನುಗಳೂ ಅದನ್ನು ಪಡೆದಿವೆ. ಆದ್ದರಿಂದ ಏಳನೇ ಮಹಡಿಯ ಜಯಂತ್ ತಂದ ಸಿಂಗಲ್ ಮಾಲ್ಟ್ ವಿಸ್ಕಿಯ ಬಾಟಲಿಯನ್ನು ಗೇಟಿನಲ್ಲೇ ತಡೆದದ್ದು ಕ್ರಮಬದ್ಧವಾಗಿಯೇ ಇತ್ತು.

ಜಯಂತನಿಗೆ ಅವಸರ. ತಮ್ಮನ್ನು ಕೇಳದೆ ಮಗಳನ್ನು ಮದುವೆಯಾದನೆಂದು ಎಂಟು ವರ್ಷ ಮಾತು ಬಿಟ್ಟಿದ್ದ ಮಾವ ಅಶ್ವತ್ಥನಾರಾಯಣ ಮೈಸೂರಿನಿಂದ ಬಂದಿದ್ದರು. "ಒಳ್ಳೇ ಮಾಲಿದ್ರೆ ಒಂದು ಪೆಗ್ ಕೂತ್ಕೋತೀನಿ ಅನ್ನು" ಎಂದು ಮಗಳ ಕೈಲಿ ಹೇಳಿಸಿದ್ದರು. ಭಾನುವಾರ ವಾಪಸು ಹೊರಡುವವರು.

ಸೆಕ್ರೆಟರಿ ಸಂಗಮೇಶ ಕನ್ನಡಕ ಏರಿಸಿ ಲೇಬಲ್ ಓದಿದರು. "ಹತ್ತು ವರ್ಷ ಒಂದು ಪೀಪಾಯಿಯೊಳಗ ಇತ್ತು. ಆಮ್ಯಾಲೆ ಎರಡು ವರ್ಷ ಪೋರ್ಟ್ ವೈನಿನ ಪೀಪಾಯಿಗೆ ಶಿಫ್ಟ್ ಆಗೇತಿ. ಅಲ್ಲಿಂದು ಎನ್‌ಒಸಿ ಎಲ್ಲೈತ್ರಿ?"

"ಸರ್, ಅದು ಫಿನಿಶಿಂಗ್. ವೈನಿನ ಪರಿಮಳ ಹತ್ತಲಿ ಅಂತ ಇಡ್ತಾರೆ."

"ಹತ್ತೇತೋ ಇಲ್ಲೋ, ಇನ್‌ಸ್ಪೆಕ್ಷನ್ ಆಗ್ಬೇಕಲ್ರೀ!"

ಶುಕ್ರವಾರ ನೋಟಿಸ್ ಬೋರ್ಡಿನಲ್ಲಿ ಪ್ರಕಟಣೆ ಬಂತು: "ಸದರಿ ದ್ರವದ ಹಿಂದಿನ ವಾಸಸ್ಥಳವು ಪರದೇಶದಲ್ಲಿರುವುದರಿಂದ ಸ್ಥಳ ಪರಿಶೀಲನೆಯನ್ನು ನಾಲಿಗೆಯ ಮೂಲಕ ನಡೆಸಲಾಗುವುದು. ಉಪಸಮಿತಿಯ ಸದಸ್ಯರು ಗೋಡಂಬಿ ತರತಕ್ಕದ್ದು. ಅರ್ಜಿದಾರರಿಗೆ ಪ್ರವೇಶವಿಲ್ಲ."

ಉಪಸಮಿತಿಯಲ್ಲಿ ನಾನೂ ಇದ್ದೆ. ನನಗೆ ಒಣದ್ರಾಕ್ಷಿಯ ವಾಸನೆ ಸ್ಪಷ್ಟವಾಗಿ ಸಿಕ್ಕಿತು, ಸಂಗಮೇಶರಿಗೆ ನೇರಳೆಹಣ್ಣಿನದು. ನ್ಯಾಯ ಸಿಗಬೇಕಲ್ಲ, ಮತ್ತೆ ಮತ್ತೆ ಪರಿಶೀಲಿಸಿದೆವು. ಅಷ್ಟು ಶ್ರದ್ಧೆಯಿಂದ ನಾನು ಯಾವ ಮೀಟಿಂಗಿನಲ್ಲೂ ಕೂತವನಲ್ಲ. ಆದರೂ ಒಮ್ಮತ ಮೂಡಲಿಲ್ಲ. ಶನಿವಾರ ಸಂಜೆ ತಟಸ್ಥ ತಜ್ಞರೊಬ್ಬರನ್ನು ಕರೆಯಲು ಠರಾವಾಯಿತು. ಕಟ್ಟಡದಲ್ಲಿದ್ದ ಏಕೈಕ ನಿವೃತ್ತ ಆಡಿಟ್ ಅಧಿಕಾರಿ ಅಶ್ವತ್ಥನಾರಾಯಣರು.

ಮಾವನೇ ಹೋದರೆ ಕೆಲಸ ಆದಂತೆಯೇ ಎಂದು ಜಯಂತ್ ಎರಡು ಗ್ಲಾಸು ತೊಳೆದು, ಕಡಲೆಬೀಜ ಹುರಿದು ಕಾದ.

ಎಂಟು ಗಂಟೆಗೆ ಮಾವ ಬಾಟಲಿ ಹಿಡಿದು ಬಂದರು. ಅದರ ಮೇಲೆ ಎನ್‌ಒಸಿ ಅಂಟಿಸಿ, ಸೀಲು ಒತ್ತಿ, ಸಂಗಮೇಶರು, ಮಾವ, ನಾನು ಮೂವರೂ ಸಹಿ ಹಾಕಿದ್ದೆವು. ಒಳಗೆ ಒಂದು ತೊಟ್ಟೂ ಇರಲಿಲ್ಲ.

ಅಶ್ವತ್ಥನಾರಾಯಣರು ಅಳಿಯನ ಹೆಗಲ ಮೇಲೆ ಕೈಯಿಟ್ಟರು. "ಜಯಂತ್, ಕ್ಲಿಯರ್ ಮಾಡಿಸ್ಕೊಂಡು ಬಂದಿದೀನಿ ಕಣಪ್ಪಾ. ಒಣದ್ರಾಕ್ಷೀನೇ. ಮುಂದಿನ ಸಲ ಎರಡು ಪ್ರತಿ ತಗೊಂಡ್ ಬಾ. ಒಂದೇ ಪ್ರತಿ ಯಾವ ಆಫೀಸಿಗೆ ಸಾಲತ್ತೆ ಹೇಳು?"

ಎಂಟು ವರ್ಷದ ಮೇಲೆ ಮಾವನ ಬಾಯಲ್ಲಿ ತನ್ನ ಹೆಸರು ಕೇಳಿ ಜಯಂತನ ಕಣ್ಣು ತುಂಬಿತು. ಬಾಟಲಿ ಈಗ ಸೊಸೈಟಿಯ ಅಧಿಕೃತ ನಿವಾಸಿ. ಅದರ ಮೇಂಟೆನೆನ್ಸನ್ನು ಅವನು ಪ್ರತಿ ತಿಂಗಳೂ ಐದನೇ ತಾರೀಕಿನೊಳಗೆ ಕಟ್ಟುತ್ತಿದ್ದಾನೆ.